ಒಲೆ ಮತ್ತು ಹೊಗೆ

ಮನುಷ್ಯನು ಬೆಂಕಿಯನ್ನು ವಶಪಡಿಸಿಕೊಂಡದ್ದು ನಾಗರಿಕತೆಯ ಮೊದಲ ಮೆಟ್ಟಿಲುಗಳಲ್ಲಿ ಒಂದು. ಕಾಡಿನಲ್ಲಿ ತಾನಾಗಿ ಹೊತ್ತಿ ಉರಿಯುತ್ತಿದ್ದ ಬೆಂಕಿ ಅವನಿಗೆ ಭೀತಿಯ ವಸ್ತುವಾಗಿತ್ತು. ಅದೇ ಬೆಂಕಿಯನ್ನು ತಂದು ಮೂರು ಕಲ್ಲುಗಳ ನಡುವೆ ನಿಲ್ಲಿಸಿದಾಗ ಅದು ಮನೆಯ ವಸ್ತುವಾಯಿತು. ಹಸಿಯದನ್ನು ಬೇಯಿಸಿ ಉಣ್ಣುವುದು, ಚಳಿಯಲ್ಲಿ ಮೈ ಕಾಯಿಸಿಕೊಳ್ಳುವುದು, ಕತ್ತಲಾದ ಮೇಲೆ ಒಂದೆಡೆ ಕುಳಿತು ಮಾತನಾಡುವುದು ಇವೆಲ್ಲಕ್ಕೂ ಒಲೆಯೇ ನೆಲೆಯಾಯಿತು. ನಮ್ಮ ಮಾತಿನಲ್ಲಿ ‘ಇಂದು ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ’ ಎಂದರೆ ಆ ಮನೆಯವರು ಉಪವಾಸವಿದ್ದಾರೆ ಎಂದೇ ಅರ್ಥ. ಅಣ್ಣತಮ್ಮಂದಿರು ಬೇರೆಯಾದರೆ ‘ಬೇರೆ ಒಲೆ ಹೂಡಿದರು’ ಎನ್ನುತ್ತೇವೆ. ಮನೆ ಎಂಬುದಕ್ಕೆ ಒಲೆ ಎಂಬುದೇ ಪರ್ಯಾಯ ಪದವಾಗುವಷ್ಟು ಅದು ನಮ್ಮ ಬದುಕಿನಲ್ಲಿ ಬೆರೆತಿದೆ.

ತುಂಗಭದ್ರೆಯ ಎರಡೂ ದಡಗಳ ನಾಡಿಗೆ ಬೆಂಕಿಯ ನಂಟು ಬಹಳ ಹಳೆಯದು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ಬೂದಿದಿಬ್ಬಗಳೆಂಬ ದೊಡ್ಡ ಗುಡ್ಡೆಗಳಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಕುಡತಿನಿಯ ದಿಬ್ಬ ಪ್ರಸಿದ್ಧವಾದುದು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ದಹಿಸಿದ ಸ್ಥಳವೆಂದು ನಂಬಿದ್ದಾರೆ. 1950ರ ದಶಕದಲ್ಲಿ ಎಫ್. ಆರ್. ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಉಟ್ನೂರಿನಲ್ಲಿ ಇಂತಹ ಒಂದು ದಿಬ್ಬವನ್ನು ಅಗೆಸಿ ನೋಡಿದರು. ನವಶಿಲಾಯುಗದ ದನಗಾಹಿ ಜನರು ತಮ್ಮ ದೊಡ್ಡಿಗಳಲ್ಲಿ ಶೇಖರವಾದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಆ ದಿಬ್ಬಗಳು ಉಂಟಾದವು ಎಂದು ಅವರು ತೋರಿಸಿಕೊಟ್ಟರು. ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಒಲೆಗೆ ಹಾಕುವ ಕುಳ್ಳಿನ ವಂಶಾವಳಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ ಎನ್ನಬಹುದು.

ಇಷ್ಟು ಹಳೆಯ ಒಡನಾಟವಿದ್ದರೂ ಒಲೆಯನ್ನು ಕುರಿತು ನಾವು ಯೋಚಿಸಿದ್ದು ಕಡಿಮೆ. ನೇಗಿಲನ್ನು ಸುಧಾರಿಸಿದೆವು, ಗಾಡಿಗೆ ರಬ್ಬರಿನ ಗಾಲಿ ಹಾಕಿದೆವು, ಬಾವಿಗೆ ವಿದ್ಯುತ್ ಪಂಪು ಕೂಡಿಸಿದೆವು. ಒಲೆ ಮಾತ್ರ ಬಹುಕಾಲ ಇದ್ದಂತೆಯೇ ಉಳಿಯಿತು. ಅದರ ಮುಂದೆ ಕುಳಿತವರು ಹೆಂಗಸರಾದುದರಿಂದಲೇ ಅದು ಹಾಗೆ ಉಳಿಯಿತೆಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ.

ನಮ್ಮ ಭಾಗದ ಹಳೆಯ ಅಡುಗೆಮನೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಮಣ್ಣಿನ ಮಾಳಿಗೆಯ ಮನೆ, ದಪ್ಪನೆಯ ಗೋಡೆ, ಕಿಟಕಿಗಳು ಇಲ್ಲವೇ ಇಲ್ಲ, ಇದ್ದರೂ ಚಿಕ್ಕವು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬೆಳಕು ಒಳಗೆ ಬರುವುದೂ ಹೊಗೆ ಹೊರಗೆ ಹೋಗುವುದೂ ಅದರ ಮೂಲಕವೇ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಮೂಲೆಯಲ್ಲಿ ಮಣ್ಣಿನ ಒಲೆ. ಅದರ ಪಕ್ಕದಲ್ಲಿ, ಒಳಗಿನಿಂದಲೇ ಉರಿ ಹಾಯುವಂತೆ ಕೂಡಿಸಿದ ಕೋಡೊಲೆ. ದೊಡ್ಡ ಒಲೆಯ ಮೇಲೆ ರೊಟ್ಟಿಯ ಹಂಚು, ಕೋಡೊಲೆಯ ಮೇಲೆ ಬೇಳೆಯ ಪಾತ್ರೆ. ಹಂಚಿನಿಂದ ತೆಗೆದ ಜೋಳದ ರೊಟ್ಟಿಯನ್ನು ಒಲೆಯ ಬಾಯಿಯ ಬಳಿ ಕೆಂಡದ ಕಾವಿಗೆ ಒರಗಿಸಿ ನಿಲ್ಲಿಸಿದರೆ ಅದು ಗರಿಗರಿಯಾಗಿ ಹಲವು ದಿನ ಕೆಡದೆ ಉಳಿಯುತ್ತದೆ. ಮೇಲೆ ನೋಡಿದರೆ ತೊಲೆ ಜಂತೆಗಳೆಲ್ಲ ಕಪ್ಪು. ಮೂಲೆಮೂಲೆಗಳಲ್ಲಿ ಜೋತುಬಿದ್ದ ಇಲ್ಲಣ.

ಉರುವಲು ಆಯಾ ಭೂಮಿಯ ಬೆಳೆಯನ್ನು ಅವಲಂಬಿಸಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯಲ್ಲಿ ತೊಗರಿ ಕಟ್ಟಿಗೆ, ಸೂರ್ಯಕಾಂತಿಯ ಕಡ್ಡಿ, ಎರೆಭೂಮಿಯಲ್ಲಿ ಹತ್ತಿಕಟ್ಟಿಗೆ ಇವುಗಳನ್ನು ಹೊರೆ ಕಟ್ಟಿ ಹಿತ್ತಿಲಲ್ಲಿ ಒಟ್ಟುತ್ತಾರೆ. ಜೋಳದ ದಂಟು ದನಗಳ ಮೇವಾದುದರಿಂದ ಅದು ಒಲೆಗೆ ಬರುವುದು ಅಪರೂಪ. ಹಳ್ಳದ ದಂಡೆಯಲ್ಲಿಯೂ ಬೀಳುಭೂಮಿಯಲ್ಲಿಯೂ ಹಬ್ಬಿರುವ ಬಳ್ಳಾರಿ ಜಾಲಿ ಎಲ್ಲರಿಗೂ ಆಸರೆ. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು, ಎಡದಂಡೆಯ ಕಾಲುವೆಯ ನೀರು ಗಂಗಾವತಿಯ ಕಡೆ ಹರಿದ ಮೇಲೆ ಅಲ್ಲಿ ಭತ್ತ ಬೆಳೆಯಿತು. ಅಕ್ಕಿಯ ಗಿರಣಿಗಳು ಎದ್ದವು. ಭತ್ತದ ಹೊಟ್ಟು ಒಂದು ಹೊಸ ಉರುವಲಾಯಿತು. ತಗಡಿನ ಡಬ್ಬಿಯ ನಡುವೆ ಒಂದು ಕೋಲನ್ನು ನಿಲ್ಲಿಸಿ ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಅನಂತರ ಕೋಲನ್ನು ಮೆಲ್ಲನೆ ಕಿತ್ತರೆ ನಡುವೆ ಒಂದು ಕೊಳವೆಯಂತಹ ರಂಧ್ರ ಉಳಿಯುತ್ತದೆ. ಕೆಳಗಿನ ಕಿಂಡಿಯಿಂದ ಬೆಂಕಿಯಿಟ್ಟರೆ ಹೊಟ್ಟು ಒಳಗಿನಿಂದ ಹೊರಕ್ಕೆ ನಿಧಾನವಾಗಿ ಉರಿಯುತ್ತ ಹೋಗುತ್ತದೆ. ಇದೇ ಹೊಟ್ಟಿನ ಒಲೆ. ಕೈಗೆ ಸಿಕ್ಕ ವಸ್ತುವನ್ನು ಅದರ ಗುಣವರಿತು ಉರಿಸುವ ಜಾಣ್ಮೆ ನಮ್ಮ ಜನರಲ್ಲಿ ಇದ್ದೇ ಇದೆ ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಒಲೆ ಹೊಗೆಯುವುದೇಕೆ? ‘ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಗಾದೆ ನಿಜ. ಆದರೆ ವಿಜ್ಞಾನವು ಅದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ: ಬೆಂಕಿ ಪೂರ್ಣವಾಗಿದ್ದರೆ ಹೊಗೆ ಇರುವುದಿಲ್ಲ. ಕಟ್ಟಿಗೆ ಉರಿಯುವುದು ಮೂರು ಹಂತಗಳಲ್ಲಿ. ಮೊದಲು ಅದರಲ್ಲಿರುವ ನೀರು ಆವಿಯಾಗಿ ಹೋಗುತ್ತದೆ. ಅನಂತರ ಶಾಖ ಇನ್ನೂರು ಮುನ್ನೂರು ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಕಟ್ಟಿಗೆಯಿಂದ ಉರಿಯಬಲ್ಲ ಅನಿಲಗಳು ಹೊರಡುತ್ತವೆ. ನಾವು ಜ್ವಾಲೆಯೆಂದು ಕರೆಯುವುದು ಈ ಅನಿಲಗಳು ಗಾಳಿಯೊಡನೆ ಕೂಡಿ ಉರಿಯುವುದನ್ನೇ. ಕೊನೆಯಲ್ಲಿ ಉಳಿದ ಇದ್ದಿಲು ಕೆಂಡವಾಗಿ ಉರಿದು ಬೂದಿಯಾಗುತ್ತದೆ. ಎರಡನೆಯ ಹಂತದಲ್ಲಿ ಸಾಕಷ್ಟು ಗಾಳಿ ದೊರೆಯದಿದ್ದರೆ, ಅಥವಾ ಅನಿಲಗಳು ಹೊತ್ತಿಕೊಳ್ಳುವ ಮೊದಲೇ ತಣ್ಣಗಾದರೆ, ಅವು ಹೊಗೆಯಾಗಿ ಹೊರಬೀಳುತ್ತವೆ. ಹೊಗೆ ಎಂದರೆ ಉರಿಯದೆ ಹೋದ ಉರುವಲು. ಮಾಳಿಗೆಯ ಜಂತೆಗೆ ಹತ್ತಿದ ಮಸಿಯೆಲ್ಲ ತಲೆಯ ಮೇಲೆ ಹೊತ್ತು ತಂದ ಹೊರೆಯ ಒಂದು ಪಾಲು ಎಂಬುದನ್ನು ನೀವು ತಿಳಿಯಬೇಕು.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳೋಣ. ಒಂದು ಕಿಲೋಗ್ರಾಂ ಒಣಕಟ್ಟಿಗೆ ಪೂರ್ಣವಾಗಿ ಉರಿದರೆ ಸುಮಾರು 4,000 ಕಿಲೋಕ್ಯಾಲೊರಿ ಶಾಖವನ್ನು ಕೊಡುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಯವರೆಗೆ ಕಾಯಿಸಲು ಬೇಕಾದುದು 75 ಕಿಲೋಕ್ಯಾಲೊರಿ ಮಾತ್ರ. ಆದುದರಿಂದ ಶಾಖವೆಲ್ಲ ನೀರಿಗೇ ಸೇರುವುದಾದರೆ ಒಂದು ಕಿಲೋ ಕಟ್ಟಿಗೆಯಿಂದ 50 ಲೀಟರಿಗೂ ಹೆಚ್ಚು ನೀರು ಕುದಿಯಬೇಕು. ಆದರೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ಪಾತ್ರೆಗೆ ಮುಟ್ಟುವ ಶಾಖ ಸುಮಾರು ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಗಾಳಿಗೂ ಗೋಡೆಗೂ ಹೊಗೆಗೂ ಹೋಗುತ್ತದೆ. ಐವತ್ತು ಲೀಟರ್ ಕುದಿಯಬೇಕಾದಲ್ಲಿ ಐದು ಲೀಟರ್ ಕುದಿಯುತ್ತದೆ. ಕಟ್ಟಿಗೆ ಹಸಿಯಾಗಿದ್ದರೆ ನಷ್ಟ ಇನ್ನೂ ಹೆಚ್ಚು. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆ ಆ ನೀರನ್ನು ಮೊದಲು ಆವಿ ಮಾಡಬೇಕು; ಆಮೇಲೆ ಬೇಳೆಯನ್ನು ಬೇಯಿಸಬೇಕು.

ನಷ್ಟವು ಕಟ್ಟಿಗೆಗೆ ಮಾತ್ರ ಸೀಮಿತವಾಗಿದ್ದರೆ ಈ ಮಾತನ್ನು ಇಷ್ಟು ಬೆಳೆಸಬೇಕಾಗಿರಲಿಲ್ಲ. ಹೊಗೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಎರಡೂವರೆ ಮೈಕ್ರೋಮೀಟರಿಗಿಂತ ಚಿಕ್ಕವು. ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ಅವನ್ನು ಪೂರ್ತಿಯಾಗಿ ತಡೆಯಲಾರವು. ಅವು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಚಿಕ್ಕಮಕ್ಕಳಿಗೆ ನ್ಯುಮೋನಿಯ, ದೊಡ್ಡವರಿಗೆ ತೀರದ ಕೆಮ್ಮು ದಮ್ಮು, ಹೃದಯದ ವ್ಯಾಧಿ, ಕಣ್ಣಿನ ಪೊರೆ ಇವುಗಳಿಗೆಲ್ಲ ಒಲೆಯ ಹೊಗೆ ಕಾರಣವಾಗಬಲ್ಲುದೆಂದು ವೈದ್ಯವಿಜ್ಞಾನ ಕಂಡುಕೊಂಡಿದೆ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ತಮ್ಮ ಸಂಗಡಿಗರೊಡನೆ ಗುಜರಾತಿನ ಹಳ್ಳಿಗಳಿಗೆ ಬಂದು, ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನೇ ಅಳೆದರು. ನಗರದ ಕಾರ್ಖಾನೆಯ ಹೊಗೆಯನ್ನು ಮಾತ್ರ ಮಾಲಿನ್ಯವೆಂದು ಭಾವಿಸಿದ್ದ ಜಗತ್ತು ಆ ಬಳಿಕ ಅಡುಗೆಮನೆಯ ಕಡೆಗೂ ತಿರುಗಿ ನೋಡಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೆ ಈಡಾದರೆಂದೂ, ಅವರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಐದು ವರ್ಷದೊಳಗಿನ ಮಕ್ಕಳಿದ್ದರೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಈ ಮಕ್ಕಳು ಹೊಗೆಯ ಬಳಿ ಇದ್ದುದೇಕೆ ಎಂದು ಕೇಳಿಕೊಳ್ಳಿರಿ. ತಾಯಿ ಒಲೆಯ ಮುಂದೆ ಇದ್ದಳು. ಮಗು ಅವಳ ಮಡಿಲಿನಲ್ಲಿತ್ತು.

ಒಲೆಯನ್ನು ತಿದ್ದುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಶೀತದೇಶಗಳಲ್ಲಿ ಅಡುಗೆಗಿಂತ ಮನೆಯನ್ನು ಬೆಚ್ಚಗಿಡುವುದಕ್ಕಾಗಿಯೇ ಹೆಚ್ಚು ಉರುವಲು ಬೇಕಾಗುತ್ತಿತ್ತು. ಅಲ್ಲಿಯ ಮನೆಗಳಲ್ಲಿ ಗೋಡೆಯೊಳಗೆ ಕಟ್ಟಿದ ದೊಡ್ಡ ಅಗ್ಗಿಷ್ಟಿಕೆಗಳು ಕೋಣೆಗಿಂತ ಹೆಚ್ಚಾಗಿ ಆಕಾಶವನ್ನೇ ಕಾಯಿಸುತ್ತಿದ್ದವು. 1790ರ ದಶಕದಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡನು. ತೋಪಿನ ನಳಿಗೆಯನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ಗಮನಿಸಿ, ಶಾಖವು ಒಂದು ದ್ರವ್ಯವಲ್ಲ, ಚಲನೆಯಿಂದ ಹುಟ್ಟುವಂತಹುದು ಎಂದು ವಾದಿಸಿದವನು ಇವನೇ. ಇವನು ಲಂಡನ್ನಿನ ಮನೆಗಳ ಅಗ್ಗಿಷ್ಟಿಕೆಯ ಗಂಟಲನ್ನು ಕಿರಿದು ಮಾಡಿಸಿದನು. ಬದಿಯ ಗೋಡೆಗಳನ್ನು ಓರೆಯಾಗಿ ಕಟ್ಟಿಸಿ ಶಾಖ ಕೋಣೆಗೆ ಬೀಳುವಂತೆ ಮಾಡಿದನು. ಮ್ಯೂನಿಕ್ ನಗರದಲ್ಲಿ ಬಡವರಿಗೆ ಅಡುಗೆ ಮಾಡುವ ಶಾಲೆಗಳಿಗಾಗಿ ಬೆಂಕಿಯನ್ನು ಮುಚ್ಚಿ ಪಾತ್ರೆಯನ್ನು ಒಳಗೆ ಕೂಡಿಸುವ ಒಲೆಗಳನ್ನು ಕಟ್ಟಿಸಿದನು. ದೊಡ್ಡ ವಿಜ್ಞಾನಿಯೊಬ್ಬನು ಒಲೆಯ ಮುಂದೆ ಕುಳಿತು ಯೋಚಿಸುವುದು ಅವಮಾನವಲ್ಲವೆಂಬುದಕ್ಕೆ ಅವನೇ ಸಾಕ್ಷಿ.

ನಮ್ಮ ದೇಶದಲ್ಲಿ ವಾರ್ಧಾದ ಮಗನವಾಡಿಯಲ್ಲಿ ಗ್ರಾಮೋದ್ಯೋಗದ ಕಾರ್ಯಕರ್ತರು 1940ರ ದಶಕದಲ್ಲಿ ಹೊಗೆಯಿಲ್ಲದ ಒಲೆಯ ಪ್ರಯೋಗ ಮಾಡಿದರು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿದ್ದ ಎಸ್. ಪಿ. ರಾಜು ಎಂಬ ಎಂಜಿನಿಯರರು ಮಣ್ಣಿನಿಂದಲೇ ಕಟ್ಟಬಹುದಾದ, ಹೊಗೆಕೊಳವೆಯುಳ್ಳ ಒಲೆಯೊಂದನ್ನು ರೂಪಿಸಿ, ಅದನ್ನು ಕುರಿತು 1953ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. 1956ರಲ್ಲಿ ಅವು ಕನ್ನಡ ನಾಡಿನೊಡನೆ ಒಂದುಗೂಡಿದವು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು.

ಕರ್ನಾಟಕದಲ್ಲಿ ಈ ಕೆಲಸವನ್ನು ಶಾಸ್ತ್ರೀಯವಾಗಿ ಮುಂದುವರಿಸಿದ ಕೀರ್ತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಲ್ಲುತ್ತದೆ. ಅಲ್ಲಿ 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬದುಕಿಗೆ ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅವರು ತಮ್ಮ ಕೇಂದ್ರವನ್ನು ಸ್ಥಾಪಿಸಿ, ಅಡುಗೆಗೆ ಎಷ್ಟು ಕಟ್ಟಿಗೆ ಬೇಕು, ಅದನ್ನು ತರುವವರು ಯಾರು, ಅದರಲ್ಲಿ ವ್ಯರ್ಥವಾಗುವುದೆಷ್ಟು ಎಂಬುದನ್ನು ಮೊದಲು ಅಭ್ಯಾಸ ಮಾಡಿದರು. 1980ರ ದಶಕದ ಆರಂಭದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಒಲೆ ‘ಅಸ್ತ್ರ ಒಲೆ’ ಎಂದು ಹೆಸರಾಯಿತು.

ಅಸ್ತ್ರ ಒಲೆಯ ತತ್ತ್ವ ಸರಳವಾದುದು. ಉರುವಲು ನೆಲದ ಮೇಲೆ ಬೀಳದೆ ಕಬ್ಬಿಣದ ಸರಳುಗಳ ಜಾಲರಿಯ ಮೇಲೆ ಕುಳಿತುಕೊಳ್ಳುತ್ತದೆ. ಕೆಳಗಿನಿಂದ ಗಾಳಿ ಬರುತ್ತದೆ. ಬೂದಿ ಕೆಳಗೆ ಉದುರುತ್ತದೆ. ಬೆಂಕಿಯ ಗೂಡು ಸುತ್ತಲೂ ಮುಚ್ಚಿರುವುದರಿಂದ ಶಾಖ ಚದುರುವುದಿಲ್ಲ. ಪಾತ್ರೆಗಳು ಒಲೆಯ ಬಾಯಿಯಲ್ಲಿ ಸಂದಿಲ್ಲದಂತೆ ಕುಳಿತುಕೊಳ್ಳುತ್ತವೆ. ಮೊದಲನೆಯ ಪಾತ್ರೆಯನ್ನು ಕಾಯಿಸಿದ ಬಿಸಿಗಾಳಿ ಎರಡನೆಯ ಮತ್ತು ಮೂರನೆಯ ಪಾತ್ರೆಗಳ ಕೆಳಗೆ ಹಾಯ್ದು, ಉಳಿದ ಶಾಖವನ್ನೂ ಅಲ್ಲಿ ಬಿಟ್ಟು, ಕೊನೆಗೆ ಹೊಗೆಕೊಳವೆಯ ಮೂಲಕ ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಬಿಸಿಗಾಳಿ ಹಗುರವಾಗಿ ಕೊಳವೆಯಲ್ಲಿ ಮೇಲೇರುವಾಗ ಕೆಳಗಿನಿಂದ ತಾನಾಗಿ ಹೊಸ ಗಾಳಿಯನ್ನು ಎಳೆಯುತ್ತದೆ. ಆದುದರಿಂದ ಊದುಗೊಳವಿಯ ಕೆಲಸವನ್ನು ಕೊಳವೆಯೇ ಮಾಡುತ್ತದೆ. ಹತ್ತರಲ್ಲಿ ಒಂದು ಪಾಲು ಶಾಖ ಮುಟ್ಟುತ್ತಿದ್ದಲ್ಲಿ, ಪ್ರಯೋಗಶಾಲೆಯಲ್ಲಿ ಮೂರು ಪಾಲಿಗಿಂತ ಹೆಚ್ಚು ಮುಟ್ಟಿಸಲು ಸಾಧ್ಯವೆಂದು ತಿಳಿದುಬಂದಿತು.

ಭಾರತ ಸರ್ಕಾರವು 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು 2002ರವರೆಗೆ ನಡೆಸಿತು. ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಲಾಯಿತು. ಆದರೆ ಅವುಗಳಲ್ಲಿ ಬಹಳಷ್ಟು ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿದವು. ಕಾರಣಗಳನ್ನು ಹುಡುಕಿದಾಗ ದೊರೆತ ಉತ್ತರಗಳು ನಮಗೆ ಪಾಠವಾಗಬೇಕು. ಕೆಲವೆಡೆ ಒಲೆಯ ಬಾಯಿ ಮನೆಯ ಪಾತ್ರೆಗಳಿಗೆ ಹೊಂದುತ್ತಿರಲಿಲ್ಲ. ಕೆಲವೆಡೆ ಕಟ್ಟಿಗೆಯನ್ನು ಚಿಕ್ಕದಾಗಿ ಸೀಳಬೇಕಾಗುತ್ತಿತ್ತು. ಆ ಕೆಲಸವೂ ಹೆಂಗಸರ ಪಾಲಿಗೇ ಬರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಒಲೆ ಕಟ್ಟಿಕೊಟ್ಟವರು ಮತ್ತೆ ಬರಲಿಲ್ಲ. ಅದನ್ನು ಹೇಗೆ ಕಾಪಾಡಬೇಕೆಂದು ಮನೆಯವರಿಗೆ ಯಾರೂ ಹೇಳಿಕೊಡಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿತು. ಹೊಗೆ ಹಿಂದಕ್ಕೆ ಬಂದಿತು. ‘ಹೊಗೆಯಿಲ್ಲದ ಒಲೆ’ ಹಳೆಯ ಒಲೆಗಿಂತ ಹೆಚ್ಚು ಹೊಗೆಯಿತು. ಯಂತ್ರ ದೊಡ್ಡದಿರಲಿ ಚಿಕ್ಕದಿರಲಿ, ಅದನ್ನು ಕಾಪಾಡುವ ತಿಳಿವಳಿಕೆಯೂ ಅದರ ಒಂದು ಅಂಗವೇ ಆಗಿದೆ.

ಆ ತಿಳಿವಳಿಕೆ ಏನೆಂಬುದನ್ನು ಈಗ ನೋಡೋಣ. ಮೊದಲನೆಯದು ಉರುವಲು. ಕಟ್ಟಿಗೆಯನ್ನು ಬೇಸಿಗೆಯಲ್ಲಿಯೇ ಕಡಿದು ಸೀಳಿ, ಮಳೆಗಾಲಕ್ಕೆ ಮುಂಚೆ ನೆರಳಿನ ಕೆಳಗೆ ನೆಲಕ್ಕೆ ತಾಗದಂತೆ ಒಟ್ಟಬೇಕು. ಎರಡು ಕೊರಡುಗಳನ್ನು ಒಂದಕ್ಕೊಂದು ಬಡಿದಾಗ ಠಣ್ ಎಂದು ನಾದ ಬಂದರೆ ಅದು ಒಣಗಿದೆ. ದಬ್ ಎಂದು ಮಂಕಾಗಿ ಕೇಳಿದರೆ ಇನ್ನೂ ಹಸಿಯಿದೆ. ಹೆಬ್ಬೆರಳಿನ ಗಾತ್ರದಿಂದ ಮುಂಗೈ ಗಾತ್ರದವರೆಗಿನ ತುಂಡುಗಳು ಚೆನ್ನಾಗಿ ಉರಿಯುತ್ತವೆ. ಒಲೆಯನ್ನು ಬಾಯಿತುಂಬ ತುರುಕಿದರೆ ಗಾಳಿಗೆ ದಾರಿಯಿರುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಆಗಾಗ ಕಟ್ಟಿಗೆಯನ್ನು ಮುಂದಕ್ಕೆ ತಳ್ಳುವುದೇ ಸರಿಯಾದ ಕ್ರಮ. ಪ್ಲಾಸ್ಟಿಕ್ ಚೀಲ, ಹಳೆಯ ಟೈರು, ಬಣ್ಣ ಬಳಿದ ಹಲಗೆ ಇವುಗಳನ್ನು ಎಂದಿಗೂ ಒಲೆಗೆ ಹಾಕಬಾರದು. ಅವುಗಳ ಹೊಗೆ ವಿಷ.

ಎರಡನೆಯದು ಒಲೆಯ ಮೈ. ಎರೆಮಣ್ಣು ಒಣಗಿದಾಗ ಬಿರಿಯುವುದರಿಂದ ಒಲೆಗೆ ಅದೊಂದೇ ಒಳ್ಳೆಯದಲ್ಲ. ಮಸಾರಿ ಮಣ್ಣು ಅಥವಾ ಹುತ್ತದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಅಥವಾ ಹೊಟ್ಟು, ಸ್ವಲ್ಪ ಸಗಣಿ ಸೇರಿಸಿ, ನೀರು ಹಾಕಿ ತುಳಿದು, ಕೆಲವು ದಿನ ಕೊಳೆಯಲು ಬಿಟ್ಟ ಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಹೊಸ ಒಲೆಯನ್ನು ನೆರಳಿನಲ್ಲಿ ನಿಧಾನವಾಗಿ ಆರಿಸಬೇಕು. ಆತುರದಿಂದ ಬೆಂಕಿ ಹಾಕಿದರೆ ಒಡೆಯುತ್ತದೆ. ಬಿರುಕು ಕಂಡೊಡನೆ ಅದೇ ಮಣ್ಣಿನಿಂದ ಮೆತ್ತಬೇಕು, ಏಕೆಂದರೆ ಬಿರುಕಿನಿಂದ ನುಗ್ಗುವ ಗಾಳಿ ಕೊಳವೆಯ ಎಳೆತವನ್ನು ಕೆಡಿಸುತ್ತದೆ. ನಮ್ಮ ಹೆಂಗಸರು ಒಲೆಯನ್ನು ಸಾರಿಸಿ, ಹುರಿಮಂಜು ಬಳಿದು, ರಂಗೋಲೆಯ ಎಳೆ ಎಳೆಯುವುದು ಪೂಜೆಗೆಂದು ಮಾತ್ರ ತಿಳಿಯಬಾರದು. ಒಲೆಯ ಬಿರುಕುಗಳನ್ನು ತಪ್ಪದೆ ಮುಚ್ಚುವ ಉಪಾಯವೂ ಅದರಲ್ಲಿ ಅಡಗಿದೆ.

ಮೂರನೆಯದು ಹೊಗೆಕೊಳವೆ. ಅದರ ತುದಿ ಮಾಳಿಗೆಯ ಕೈಪಿಡಿಗೋಡೆಗಿಂತ ಮೇಲೆ ಇರಬೇಕು. ಮಳೆ ಬೀಳದಂತೆ ಮೇಲೆ ಟೋಪಿಯಿರಬೇಕು. ದಿನವೂ ಒಲೆ ಉರಿಯುವ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಒಲೆ ಪೂರ್ತಿ ತಣ್ಣಗಾದ ಮೇಲೆ, ಕೋಲಿನ ತುದಿಗೆ ಗೋಣಿತಟ್ಟನ್ನು ಬಿಗಿದು ಕೊಳವೆಯ ಮಸಿಯನ್ನು ಮೇಲಿನಿಂದ ಕೆಳಕ್ಕೆ ಒರೆಸಿ ತೆಗೆಯಬೇಕು. ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಲೆ ಇದ್ದಕ್ಕಿದ್ದಂತೆ ಒಳಕ್ಕೆ ಹೊಗೆಯತೊಡಗಿದರೆ ಕೊಳವೆ ಕಟ್ಟಿದೆಯೆಂದು ತಿಳಿಯಬೇಕು. ಹೆಚ್ಚು ಮಸಿ ಕಟ್ಟಿದ ಕೊಳವೆಯೊಳಗೆ ಬೆಂಕಿಯೇ ಹೊತ್ತಿಕೊಳ್ಳುವುದೂ ಉಂಟು. ಪಕ್ಕದಲ್ಲಿ ಹುಲ್ಲಿನ ಬಣವೆಯಿದ್ದರೆ ಅನಾಹುತ ತಪ್ಪಿದ್ದಲ್ಲ.

ನಾಲ್ಕನೆಯದು ಬೂದಿ. ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯದಿದ್ದರೆ ಗಾಳಿ ಒಳಗೆ ಬರುವುದಿಲ್ಲ. ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದು ಹೊಲಕ್ಕೆ ಒಳ್ಳೆಯ ಗೊಬ್ಬರ. ಪಾತ್ರೆ ಬೆಳಗಲು, ಕಾಳಿಗೆ ಹುಳು ಹತ್ತದಂತೆ ಇಡಲು ನಮ್ಮವರು ಅದನ್ನು ಬಳಸುತ್ತ ಬಂದಿದ್ದಾರೆ. ಆದರೆ ಬೂದಿಯಲ್ಲಿ ಅಡಗಿದ ಕೆಂಡ ಬಹಳ ಹೊತ್ತು ಜೀವದಿಂದಿರುತ್ತದೆ. ಬೇಸಿಗೆಯ ಗಾಳಿಯಲ್ಲಿ ಬಿಸಿಬೂದಿಯನ್ನು ತಿಪ್ಪೆಗೆ ಚೆಲ್ಲಿದರೆ ಒಂದು ಕಿಡಿಯಿಂದ ಬಣವೆಯೇ ಸುಟ್ಟುಹೋದೀತು. ಬೂದಿಗೆ ನೀರು ಚಿಮುಕಿಸಿಯೇ ಹೊರಗೆ ಒಯ್ಯಬೇಕು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಬಾಗಿಲು ಮುಚ್ಚುವ ರೂಢಿ ಹಲವು ಕಡೆ ಇದೆ. ತಾಯಿ ಮಗುವನ್ನು ಬೆಚ್ಚಗಿಡಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣಿಸದ ಕೆಂಡವೇ ಹೆಚ್ಚು ಮೋಸಗಾರ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ನಿದ್ದೆಯಲ್ಲಿಯೇ ಪ್ರಾಣ ಬಿಟ್ಟ ಪ್ರಸಂಗಗಳು ಜಗತ್ತಿನ ಎಲ್ಲ ಕಡೆ ನಡೆದಿವೆ. ಬಾಣಂತಿಗೂ ಮಗುವಿಗೂ ಬೆಚ್ಚನೆಯ ಬಟ್ಟೆ, ಗಾಳಿಯಾಡುವ ಕೋಣೆ ಸಾಕು. ಮಲಗುವ ಕೋಣೆಯಲ್ಲಿ ಕೆಂಡವನ್ನು ಇಡಬಾರದು.

2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲ ಯೋಜನೆಯ ಮೂಲಕ 2019ರ ಸೆಪ್ಟೆಂಬರ್ ವೇಳೆಗೆ ದೇಶದ ಎಂಟು ಕೋಟಿ ಬಡಕುಟುಂಬಗಳಿಗೆ ಅನಿಲದ ಸಂಪರ್ಕ ದೊರೆಯಿತು. ಅನಿಲದ ಒಲೆ ಹೊಗೆಯನ್ನು ಬಹುಮಟ್ಟಿಗೆ ಇಲ್ಲವಾಗಿಸಿತು. ಅದಕ್ಕೂ ಅದರದೇ ಎಚ್ಚರಿಕೆಗಳಿವೆ. ಅಡುಗೆಯ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು; ವಿದ್ಯುತ್ತಿನ ಗುಂಡಿಯನ್ನು ಮುಟ್ಟಬಾರದು. ಆದರೂ ಸಿಲಿಂಡರಿನ ಬೆಲೆಯನ್ನು ನೆನೆದು ಚಹಾಕ್ಕೆ ಅನಿಲ, ರೊಟ್ಟಿಗೆ ಕಟ್ಟಿಗೆ, ಸ್ನಾನದ ಹಂಡೆಗೆ ಜಾಲಿಯ ಕೊರಡು ಎಂದು ಎರಡು ಬೆಂಕಿಗಳನ್ನೂ ಉಳಿಸಿಕೊಂಡ ಮನೆಗಳು ಈ ಭಾಗದಲ್ಲಿ ಉಂಟು. ಆದುದರಿಂದ ಕಟ್ಟಿಗೆಯ ಒಲೆಯ ವಿಜ್ಞಾನ ಹಳತಾಯಿತೆಂದು ತಳ್ಳಿಹಾಕುವಂತಿಲ್ಲ.

ನೀವು ಶಾಲೆಯಲ್ಲಿ ದಹನಕ್ರಿಯೆಯನ್ನೂ ಶಾಖದ ಪ್ರಸಾರವನ್ನೂ ಓದುತ್ತೀರಿ, ಪರೀಕ್ಷೆಯಲ್ಲಿ ಬರೆಯುತ್ತೀರಿ. ಆ ಪಾಠದ ಅತ್ಯಂತ ಹಳೆಯ ಪ್ರಯೋಗಶಾಲೆ ನಿಮ್ಮ ಮನೆಯಲ್ಲಿಯೇ ಇದೆ. ಪಾತ್ರೆಗೆ ಮುಚ್ಚಳ ಹಾಕುವುದು, ಬೇಳೆಕಾಳನ್ನು ಮೊದಲೇ ನೆನೆಹಾಕುವುದು, ಬೂದಿ ತೆಗೆಯುವುದು, ಕೊಳವೆ ಒರೆಸುವುದು ಇವು ಹಣ ಬೇಡುವ ಕೆಲಸಗಳಲ್ಲ. ಇವನ್ನು ಅಕ್ಕತಂಗಿಯರ ಪಾಲಿಗೆ ಬಿಟ್ಟು ಗಂಡುಮಕ್ಕಳು ಪಡಸಾಲೆಯಲ್ಲಿ ಕುಳಿತುಕೊಳ್ಳಬೇಕಾಗಿಯೂ ಇಲ್ಲ. ಒಲೆಯಿಂದ ಬಂದ ಅನ್ನವನ್ನು ಎಲ್ಲರೂ ಉಣ್ಣುತ್ತಾರೆ. ಹಾಗೆಯೇ ಒಲೆಯ ಚಿಂತೆಯೂ ಎಲ್ಲರದಾಗಬೇಕು. ಮುಂದಿನ ಮನೆಯನ್ನು ಕಟ್ಟುವವರು ನೀವು. ಆ ಮನೆಯ ಜಂತೆಗೆ ಇಲ್ಲಣ ಕಟ್ಟದಂತೆಯೂ, ಅಲ್ಲಿ ಅಡುಗೆ ಮಾಡುವವರ ಕಣ್ಣುಗಳು ಹೊಗೆಯಿಂದ ನೀರಾಡದಂತೆಯೂ ನೋಡಿಕೊಳ್ಳುವ ತಿಳಿವಳಿಕೆ ಈಗಲೇ ನಿಮ್ಮಲ್ಲಿ ಬೆಳೆಯಲಿ.

ಪದಗಳ ಅರ್ಥ

ಅಗ್ಗಿಷ್ಟಿಕೆ – ಚಳಿ ಕಾಯಿಸಿಕೊಳ್ಳಲು ಬೆಂಕಿಯಿಡುವ ಪಾತ್ರೆ ಅಥವಾ ಗೂಡು
ಇಲ್ಲಣ – ಹೊಗೆಯಿಂದ ಜಂತೆ, ಜೇಡರ ಬಲೆಗಳಿಗೆ ಕಟ್ಟಿದ ಮಸಿ
ಊದುಗೊಳವಿ – ಬೆಂಕಿಯನ್ನು ಊದುವ ಕೊಳವೆ
ಕುಳ್ಳು – ತಟ್ಟಿ ಒಣಗಿಸಿದ ಸಗಣಿ, ಬೆರಣಿ
ಕೋಡೊಲೆ – ದೊಡ್ಡ ಒಲೆಗೆ ಹೊಂದಿಕೊಂಡ ಚಿಕ್ಕ 2ನೆಯ ಒಲೆ
ಮಸಾರಿ – ಕೆಂಪು ಮಣ್ಣಿನ ಭೂಮಿ
ಹಂಚು – ರೊಟ್ಟಿ ಬೇಯಿಸುವ ಕಾವಲಿ
ಹುರಿಮಂಜು – ಗೋಡೆ, ಒಲೆಗಳಿಗೆ ಬಳಿಯುವ ಕೆಂಪು ಬಣ್ಣದ ಮಣ್ಣು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬೂದಿದಿಬ್ಬಗಳು ಹೇಗೆ ಉಂಟಾದವು?
2. ಹೊಗೆ ಎಂದರೇನು?
3. ‘ಅಸ್ತ್ರ’ ವಿಭಾಗದ ಉದ್ದೇಶವೇನು?
4. ಕಟ್ಟಿಗೆ ಒಣಗಿದೆಯೆಂದು ನಾದದಿಂದ ತಿಳಿಯುವುದು ಹೇಗೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಟ್ಟಿಗೆ ಉರಿಯುವ ಮೂರು ಹಂತಗಳನ್ನು ವಿವರಿಸಿರಿ.
2. ಅಸ್ತ್ರ ಒಲೆಯ ರಚನೆಯನ್ನು ವರ್ಣಿಸಿರಿ.
3. ಸುಧಾರಿತ ಒಲೆಗಳು ಬಹಳಷ್ಟು ಮನೆಗಳಲ್ಲಿ ಮೂಲೆಗೆ ಸೇರಲು ಕಾರಣಗಳೇನು?
4. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನು ಏಕೆ ಇಡಬಾರದು?

ಇ. ‘ಒಲೆಯ ಚಿಂತೆಯೂ ಎಲ್ಲರದಾಗಬೇಕು’ – ಈ ಮಾತನ್ನು ನಿಮ್ಮ ಮನೆಯ ಉದಾಹರಣೆಯೊಡನೆ ಸಮರ್ಥಿಸಿರಿ.

ಈ. ಭಾಷಾಭ್ಯಾಸ
1. ‘ಒಲೆ ಹೊತ್ತಲಿಲ್ಲ’, ‘ಬೇರೆ ಒಲೆ ಹೂಡಿದರು’ – ಈ ನುಡಿಗಟ್ಟುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
2. ಈ ಪದಗಳನ್ನು ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಗ್ರಾಮೋದ್ಯೋಗ, ಕೋಡೊಲೆ, ಹೊತ್ತಲಿಲ್ಲ.

ಉ. ಮಾಡಿ ನೋಡಿರಿ
ಹಿರಿಯರ ಸಮ್ಮುಖದಲ್ಲಿ ಒಂದೇ ಅಳತೆಯ ನೀರನ್ನು ಒಮ್ಮೆ ಮುಚ್ಚಳವಿಲ್ಲದೆ, ಇನ್ನೊಮ್ಮೆ ಮುಚ್ಚಳ ಹಾಕಿ ಕುದಿಸಿರಿ. ಎರಡು ಸಲವೂ ಹಿಡಿದ ಸಮಯವನ್ನು ಬರೆದಿಟ್ಟುಕೊಂಡು ತರಗತಿಯಲ್ಲಿ ಚರ್ಚಿಸಿರಿ.